ಚುನಾವಣೆಯ ಹಾಸ್ಯವೂ ಹಳ್ಳಿಯ ನಾಲಗೆಯೂ



2018ರ ವಿಧಾನಸಭಾ ಚುನಾವಣೆಗೆ ನಾಲ್ಕು ತಿಂಗಳು ಮುಂಚೆ ತೆರೆಕಂಡ ‘ಹಂಬಲ್ ಪೊಲಿಟಿಷಿಯನ್ ನೊಗ್ರಾಜ್’ ಚಲನಚಿತ್ರವನ್ನು ಮತದಾರರ ಕಣ್ತೆರೆಸುವ ರಾಜಕೀಯ ವಿಡಂಬನೆಯೆಂದು ಕೊಂಡಾಡುವವರು ಇಂದಿಗೂ ಉಂಟು. ಆ ಪ್ರಶಂಸೆಯನ್ನು ನಾನು ಒಪ್ಪಲಾರೆ.

ಸಾದ್ ಖಾನ್ ನಿರ್ದೇಶಿಸಿದ ಈ ಚಿತ್ರದಲ್ಲಿ, ಶಾಸಕನಾಗಲು ಹವಣಿಸುವ ಭ್ರಷ್ಟ ಕಾರ್ಪೊರೇಟರ್ ನೊಗ್ರಾಜನಾಗಿ ದಾನಿಶ್ ಸೇಠ್ ಅವರೂ, ಅವನ ಬೆನ್ನುಬಿಡದ ಸಹಚರ ಮಂಜುನಾಥನಾಗಿ ವಿಜಯ್ ಚೆಂಡೂರ್ ಅವರೂ ತೋರುವ ಅಭಿನಯಸಾಮರ್ಥ್ಯವನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಬೆಂಗಳೂರಿನ ಎಫ್.ಎಂ. ವಾಹಿನಿಯೊಂದರ ಕುಚೇಷ್ಟೆಯ ದೂರವಾಣಿ ಕರೆಗಳಲ್ಲಿ ಜನ್ಮತಾಳಿದ ಈ ಪಾತ್ರವು ನಮ್ಮನ್ನು ನಗಿಸುವುದು ಬಹುಪಾಲು ತನ್ನ ಮುರುಕು ಇಂಗ್ಲಿಷಿನಿಂದ. ಎದುರಾಳಿ ಅರುಣ್ ಪಾಟೀಲನೋ ಸುಶಿಕ್ಷಿತ, ಸಭ್ಯ. ಹೀಗೆ ಲಂಚಕ್ಕೆ ಸಲ್ಲಬೇಕಾದ ತಿರಸ್ಕಾರವು ಉಚ್ಚಾರಣೆಗೆ ಸಂದುಹೋಗಿ, ಇಂಗ್ಲಿಷ್ ತೊದಲುವವನು ಕಳ್ಳನೆಂದೂ ನಿರರ್ಗಳವಾಗಿ ಆಡುವವನು ಪ್ರಾಮಾಣಿಕನೆಂದೂ ಪ್ರೇಕ್ಷಕನ ಮನಸ್ಸು ಅರಿವಿಲ್ಲದೆಯೇ ನಿರ್ಣಯಿಸಿಬಿಡುತ್ತದೆ.

ಆದರೆ ಕನ್ನಡ, ತೆಲುಗು, ತಮಿಳು ಮೂರೂ ಬೆರೆತ ನಮ್ಮ ಕೋಲಾರ ಜಿಲ್ಲೆಯ ಗಡಿಸೀಮೆಯಲ್ಲಿ ಶುದ್ಧೋಚ್ಚಾರಣೆಯಿಂದ ಯಾರ ಯೋಗ್ಯತೆಯನ್ನೂ ಅಳೆದವರಿಲ್ಲ. ಇಲ್ಲಿನ ನಮ್ಮೂರು ಬೂದಿಕೋಟೆಯಲ್ಲಿ, ಈ ಶತಮಾನದ ಆದಿಯಲ್ಲಿ, ಯುನೆಸ್ಕೊ, ಮೈರಾಡ ಮತ್ತು ವಾಯ್ಸಸ್ ಸಂಸ್ಥೆಗಳ ನೆರವಿನಿಂದ ಆರಂಭವಾದ ‘ನಮ್ಮ ಧ್ವನಿ’ ಸಮುದಾಯ ರೇಡಿಯೊದಲ್ಲಿ ಸ್ವಸಹಾಯ ಸಂಘಗಳ ಹೆಂಗಸರು ತಮ್ಮ ಮನೆಮಾತಿನ ಧಾಟಿಯಲ್ಲಿಯೇ ಮೈಕಿನ ಮುಂದೆ ಮಾತನಾಡಿದರು. ಆ ಮಾತು ಕೇಬಲ್ ತಂತಿಯ ಮೂಲಕ ಮನೆಮನೆಗೂ ಮುಟ್ಟಿತು. ಇಂಥ ಹೆಂಗಸರೇ ಪ್ರಚಾರದ ಜೀಪು ಬೀದಿಗೆ ಬಂದಾಗ ಖಾಲಿ ಕೊಡವನ್ನು ಸೊಂಟದಿಂದ ಇಳಿಸದೆಯೇ, “ಅದೆಲ್ಲ ಇರಲಪ್ಪ, ಕೊಳಾಯಿಗೆ ನೀರು ಯಾವತ್ತು ಬಿಡಿಸ್ತೀಯ, ಅದು ಹೇಳು” ಎಂದು ಕೇಳಿ ಅಭ್ಯರ್ಥಿಯ ಬಾಯಿ ಕಟ್ಟಿಸುವವರು. ಕೋಲಾರ, ಬಂಗಾರಪೇಟೆ, ಮಾಲೂರುಗಳಿಗೆ ಕುಡಿಯುವ ನೀರೊದಗಿಸಲೆಂದು ಮಾರ್ಕಂಡೇಯ ನದಿಗೆ ಕಟ್ಟಿದ ಯರಗೋಳ್ ಅಣೆಕಟ್ಟು, ಒಂದಲ್ಲ ಹಲವು ಚುನಾವಣೆಗಳ ಭಾಷಣಗಳನ್ನು ದಾಟಿ, ಉದ್ಘಾಟನೆಗೊಂಡದ್ದು 2023ರಲ್ಲಿ. ಭಾಷಣಕ್ಕೂ ನೀರಿಗೂ ನಡುವಣ ಆ ದೀರ್ಘ ಅಂತರದಲ್ಲಿ ವಿಡಂಬನಕಾರನಿಗೆ ಎಷ್ಟು ಸಾಮಗ್ರಿಯಿಲ್ಲ!

ನಗೆಯನ್ನು ಅಧಿಕಾರದ ಕಡೆಗೇ ತಿರುಗಿಸಿದ ಉದಾಹರಣೆ ನಮ್ಮ ರಂಗಭೂಮಿಯಲ್ಲಿಯೇ ಇದೆ. 1980ರಿಂದ ಕಲಾಗಂಗೋತ್ರಿ ತಂಡವು ಆಡುತ್ತ ಬಂದಿರುವ, ಬಿ. ವಿ. ರಾಜಾರಾಂ ಅವರ ನಿರ್ದೇಶನದ ‘ಮುಖ್ಯಮಂತ್ರಿ’ ನಾಟಕದಲ್ಲಿ ಪ್ರೇಕ್ಷಕರು ನಗುವುದು ಕುರ್ಚಿಯನ್ನು ಉಳಿಸಿಕೊಳ್ಳಲು ನಾಯಕನು ಹೂಡುವ ತಂತ್ರಗಳಿಗೆ ಹೊರತು ಅವನ ನಾಲಗೆಯ ತೊಡರಿಗಲ್ಲ. ಆ ಪಾತ್ರದಿಂದಲೇ ಹೆಸರು ಪಡೆದ ಚಂದ್ರು ಅವರನ್ನು 1985ರಲ್ಲಿ, ಆಗ ನಮ್ಮ ಕೋಲಾರ ಜಿಲ್ಲೆಗೇ ಸೇರಿದ್ದ ಗೌರಿಬಿದನೂರಿನ ಮತದಾರರು ವಿಧಾನಸಭೆಗೆ ಕಳುಹಿಸಿದರು. ರಂಗದ ಮೇಲಿನ ಕಪಟಿಯನ್ನೂ ಎದುರಿಗೆ ನಿಂತು ಮತ ಕೇಳುವ ಮನುಷ್ಯನನ್ನೂ ಬೇರ್ಪಡಿಸಿ ನೋಡಬಲ್ಲ ವಿವೇಕವುಳ್ಳ ಈ ಜನರಿಗೆ, ಇಂಗ್ಲಿಷಿನ ತಪ್ಪುಗಳನ್ನು ತೋರಿಸಿ ರಾಜಕೀಯವನ್ನು ಬೋಧಿಸಹೊರಡುವುದು ಅನುಚಿತ.

ಮುಂದೆ ಇಂಥ ಚಿತ್ರವನ್ನು ತೆಗೆಯುವವರು ಮೊದಲು ನಮ್ಮ ಭಾಗದ ಒಂದು ಗ್ರಾಮ ಪಂಚಾಯಿತಿ ಚುನಾವಣೆಯನ್ನು ನಾಮಪತ್ರದ ದಿನದಿಂದ ಎಣಿಕೆಯ ದಿನದವರೆಗೆ ಜೊತೆಗಿದ್ದು ನೋಡಲಿ. ಅಂಥ ಚಿತ್ರಗಳನ್ನು ವಿಮರ್ಶಿಸುವಾಗ ಚಿತ್ರಮಂದಿರ ನಕ್ಕಿತೆಂದಷ್ಟೇ ಬರೆಯದೆ, ಯಾರನ್ನು ಕಂಡು ನಕ್ಕಿತೆಂಬುದನ್ನೂ ಪರಿಶೀಲಿಸಿ ಬರೆಯಬೇಕೆಂದು ತಮ್ಮ ಪತ್ರಿಕೆಯಲ್ಲಿ ವಿನಂತಿಸುತ್ತೇನೆ.

ಇತಿ,
ಬೂದಿಕೋಟೆಯ ಓದುಗ
ಬಂಗಾರಪೇಟೆ ತಾಲ್ಲೂಕು