ಅಳುವಿನ ಸದ್ದನ್ನು ತೆಗೆದುಹಾಕಿದ ದೃಶ್ಯ

ಸತ್ಯಜಿತ್ ರೇ ಅವರ ‘ಪಥೇರ್ ಪಾಂಚಾಲಿ’ (1955) ಚಿತ್ರದಲ್ಲಿ, ಮಗಳು ದುರ್ಗಾ ತೀರಿಕೊಂಡಿದ್ದು ಗೊತ್ತಿಲ್ಲದ ಹರಿಹರ ಮನೆಗೆ ಮರಳಿ ತಂದ ಸಾಮಾನುಗಳನ್ನು ಒಂದೊಂದಾಗಿ ತೋರಿಸುತ್ತಾನೆ. ಲಟ್ಟಣಿಗೆ, ಮಣೆ, ಲಕ್ಷ್ಮಿಯ ಪಟ, ಕೊನೆಗೆ ದುರ್ಗಾಳಿಗೆಂದು ಸೀರೆ. ಅಷ್ಟು ಹೊತ್ತು ತುಟಿ ಬಿಚ್ಚದ ಹೆಂಡತಿ ಸರ್ಬಜಯಾ ಸೀರೆ ಹಿಡಿದು ಕುಸಿಯುತ್ತಾಳೆ. ಬಾಯಿ ಅಳುತ್ತದೆ, ಕೇಳಿಸುವುದು ಮಾತ್ರ ತಾರ್ ಶಹನಾಯಿಯ ತಾರಸ್ವರ. (ಹೆಸರಿಗಷ್ಟೇ ಶಹನಾಯಿ, ನಿಜಕ್ಕೂ ಕಮಾನಿನಿಂದ ನುಡಿಸುವ ತಂತಿವಾದ್ಯ.) ಈ ದೃಶ್ಯದ ಅರ್ಥವೆಲ್ಲ ಹುಟ್ಟುವುದು ರೇ ಸೇರಿಸಿದ್ದರಿಂದಲ್ಲ, ತೆಗೆದಿದ್ದರಿಂದ ಎಂಬುದು ನನ್ನ ವಾದ.

ಸಂಗೀತ ಸುರಿದು ಪ್ರೇಕ್ಷಕರನ್ನು ಅಳಿಸುವುದು ಅಗ್ಗದ ಉಪಾಯವಲ್ಲವೇ ಎಂದು ಕೇಳಬಹುದು. ಬಹುತೇಕ ಚಿತ್ರಗಳ ಮಟ್ಟಿಗೆ ಆ ದೂರು ನ್ಯಾಯವೇ. ಅಲ್ಲಿ ಅಳುವಿನ ಮೇಲೆ ಪಿಟೀಲು ಹೇರಿ ದುಃಖವನ್ನು ದುಪ್ಪಟ್ಟು ಮಾಡುತ್ತಾರೆ. ಇಲ್ಲಿ ರವಿಶಂಕರ್ ಅವರ ಸಂಗೀತ ಅಳುವಿನ ಜೊತೆಗಿಲ್ಲ, ಅದರ ಜಾಗದಲ್ಲಿದೆ. ಕಂಡದ್ದಕ್ಕೂ ಕೇಳಿದ್ದಕ್ಕೂ ತಾಳೆಯಾಗದಾಗ ಆ ತಾಯಿಯ ದನಿಯನ್ನು ನಾವೇ ಊಹಿಸಿಕೊಳ್ಳಬೇಕಾಗುತ್ತದೆ. ಇಷ್ಟಕ್ಕೂ ಸರ್ಬಜಯಾ ಪಾತ್ರದ ಕರುಣಾ ಬ್ಯಾನರ್ಜಿಯವರ ಅಭಿನಯವೇ ಸಾಕಿತ್ತಲ್ಲ ಎಂಬ ಮಾತೂ ಇದೆ. ಅಭಿನಯ ಗಟ್ಟಿಯಾಗಿದ್ದರಿಂದಲೇ ದನಿ ಕಿತ್ತರೂ ಮುಖ ನಿಂತಿತು, ಒಪ್ಪೋಣ. ಆದರೆ ಕೇಳಿಸುವ ಅಳು ಆ ಒಬ್ಬ ಹೆಂಗಸಿನದಷ್ಟೇ ಆಗುತ್ತಿತ್ತು. ಹರಿಹರ ಬಾಗಿಲಿಗೆ ಬಂದಾಗಲೇ ಈ ವಾದ್ಯ ಮೊಳಗಿದ್ದರೂ ಕೆಲಸ ಕೆಡುತ್ತಿತ್ತು: ನಮಗೆ ಮೊದಲೇ ಗೊತ್ತಿರುವ ಸಾವು ಅವನಿಗೆ ಗೊತ್ತಾಗುವುದು ಆ ಸೀರೆಯಿಂದ, ಸಂಗೀತವೂ ಅಲ್ಲಿಯವರೆಗೆ ಕಾಯುತ್ತದೆ.