ಬಿಡುಗಡೆಯಾಗಿ 28 ವರ್ಷದ ಮೇಲೆ ಸಿಕ್ಕ ಆಟ

ನಮ್ಮ ವಯಸ್ಸಿನವರಿಗೆ ಸೈಬರ್ ಸೆಂಟರ್ ಅಂದ ಕೂಡಲೇ ಎರಡು ನೆನಪು. ಒಂದು ಪರೀಕ್ಷೆಯ ರಿಸಲ್ಟ್, ಇನ್ನೊಂದು ‘ಏಜ್ ಆಫ್ ಎಂಪೈರ್ಸ್’. ತಾಸಿನ ಲೆಕ್ಕದಲ್ಲಿ ದುಡ್ಡು ಕೊಟ್ಟು ಕೂತು, ಮರ ಕಡಿಸಿ, ಹೊಲ ಮಾಡಿಸಿ, ಸೈನ್ಯ ಕಟ್ಟಿ ಎದುರಿನವನ ಮೇಲೆ ಬೀಳುತ್ತಿದ್ದೆವು. ಅದು 1997ರ ಆಟ. ಅದೇ ವರ್ಷ ಅದೇ ಬಗೆಯ ಇನ್ನೊಂದು ಆಟ ಬಂದಿತ್ತು, ‘ಸೆವೆನ್ ಕಿಂಗ್‌ಡಮ್ಸ್’. ಹಾಂಗ್‌ಕಾಂಗ್‌ನ ಎನ್‌ಲೈಟ್ ಸಾಫ್ಟ್‌ವೇರ್ ಕಂಪನಿಯದು, ರೂಪಿಸಿದವರು ಟ್ರೆವರ್ ಚಾನ್. ಮೈಕ್ರೋಸಾಫ್ಟ್ ಮಾರುತ್ತಿದ್ದ ಆಟದ ಅಬ್ಬರದಲ್ಲಿ ಇದರ ಹೆಸರು ನಮ್ಮ ಕಿವಿಗೆ ಬೀಳಲೇ ಇಲ್ಲ.

ಹೋದ ಮಳೆಗಾಲದಲ್ಲಿ ನೆಟ್ ಕೈಕೊಟ್ಟ ಒಂದು ವಾರ ಗೆಳೆಯನೊಬ್ಬ ಪೆನ್‌ಡ್ರೈವ್‌ನಲ್ಲಿ ಇದನ್ನು ತಂದು ನಮ್ಮ ರೂಮಿನ ಹಳೇ ಡೆಸ್ಕ್‌ಟಾಪ್‌ಗೆ ಹಾಕಿದ. ಸುದ್ದಿ ಕಳಿಸಲಾಗದೆ ಕೂತಿದ್ದೆವು, ಸುಮ್ಮನೆ ಶುರು ಮಾಡಿದೆವು. ಮೊದಲ ಆಟದಲ್ಲಿ ಸೋತದ್ದು ಹೇಗೆ ಅನ್ನುವುದನ್ನು ಹೇಳಲೇಬೇಕು.

ನಮ್ಮ ರಾಜ್ಯದ ಪಕ್ಕ ಯಾರಿಗೂ ಸೇರದ ಒಂದು ಊರಿತ್ತು. ಹಳೇ ಚಾಳಿಯಂತೆ ಸೈನ್ಯ ನುಗ್ಗಿಸಿದೆವು. ಊರು ಕೈಗೆ ಬಂತು. ಆದರೆ ಬಹಳ ಜನ ಸತ್ತಿದ್ದರು, ಉಳಿದವರಿಗೆ ನಮ್ಮ ಮೇಲೆ ನಿಷ್ಠೆಯೇ ಇಲ್ಲ. ಈ ಆಟದಲ್ಲಿ ರಾಜನ ಒಳ್ಳೆಯ ಹೆಸರಿಗೂ ಒಂದು ಅಂಕಿ ಇದೆ. ಅದು ಬಿದ್ದಿತು. ಅದು ಬಿದ್ದಂತೆ ನಮ್ಮ ಸ್ವಂತ ಊರುಗಳಲ್ಲೂ ನಿಷ್ಠೆ ಇಳಿಯಿತು. ಖಜಾನೆ ಖಾಲಿಯಾಯಿತೆಂದು ತೆರಿಗೆ ಎತ್ತಿದೆವು, ಎತ್ತಿದ ಸಲವೆಲ್ಲ ಇನ್ನಷ್ಟು ಇಳಿಯಿತು. ಕೊನೆಗೆ ದಂಗೆ. ಶತ್ರು ಬರುವ ಮೊದಲೇ ನಮ್ಮವರೇ ನಮ್ಮನ್ನು ಮುಗಿಸಿದ್ದರು.

ದಾರಿ ಬೇರೆಯೇ ಇತ್ತು. ಊರಿನ ಪಕ್ಕ ಕೋಟೆ ಕಟ್ಟಿ, ಅದರಲ್ಲಿ ಆ ಊರಿನ ಜನಾಂಗದವನನ್ನೇ ದಂಡನಾಯಕನಾಗಿ ಕೂರಿಸಬೇಕು. ಪರ್ಷಿಯನ್ನರ ಊರಿಗೆ ಪರ್ಷಿಯನ್, ಚೀನಿಯರ ಊರಿಗೆ ಚೀನಿ. ಅವನಿಗೆ ನಾಯಕತ್ವದ ಗುಣ ಇದ್ದರೆ ಊರಿನವರ ವಿರೋಧ ಸ್ವಲ್ಪ ಸ್ವಲ್ಪವಾಗಿ ಇಳಿಯುತ್ತದೆ. ಸಾಕಷ್ಟು ಇಳಿದ ಮೇಲೆ ಒಂದು ಬಾಣ ಬಿಡದೆ ಊರು ತಾನಾಗಿ ಸೇರುತ್ತದೆ. (ಗ್ರಾಮ ಪಂಚಾಯಿತಿ ಚುನಾವಣೆ ನೋಡಿದವರಿಗೆ ಇದು ಹೊಸದೇನಲ್ಲ ಬಿಡಿ.)

ಗೂಢಚಾರರ ಕಥೆ ಇನ್ನೂ ಮಜಾ. ಊರಿನ ಸಾಮಾನ್ಯನೊಬ್ಬನಿಗೆ ತರಬೇತಿ ಕೊಟ್ಟು ಶತ್ರುವಿನ ಬಣ್ಣ ಹಾಕಿ ಕಳಿಸಬಹುದು. ಅವನು ಅಲ್ಲಿಯ ಕೋಟೆ ಸೇರಿ ಸಿಪಾಯಿಯಾಗಿ ಕೂರುತ್ತಾನೆ, ಅಕ್ಕಪಕ್ಕದವರಿಗೆ ಲಂಚ ತಿನ್ನಿಸುತ್ತಾನೆ. ಎದುರಿನವನೂ ನಮಗೆ ಇದನ್ನೇ ಮಾಡುತ್ತಿರುತ್ತಾನೆ. ಮೂರನೇ ಆಟದಲ್ಲಿ ನಮ್ಮ ಗಡಿಯ ಕೋಟೆಯೊಂದು ಯುದ್ಧವೇ ಇಲ್ಲದೆ ಬಣ್ಣ ಬದಲಿಸಿತು. ಯಾರು ಯಾವಾಗ ಒಳಗೆ ಬಂದರು ಅಂತ ರಾತ್ರಿ ಊಟದ ಹೊತ್ತಿಗೂ ಚರ್ಚೆ ಮಾಡಿದೆವು.

ಆಟದಲ್ಲಿ ಕೊರತೆ ಇಲ್ಲ ಅಂತಲ್ಲ. ಚಿತ್ರ ಒರಟು, ಅಕ್ಷರ ಸಣ್ಣದು. ನಡುನಡುವೆ ಬರುವ ರಾಕ್ಷಸರು ಚಂದಮಾಮ ಓದುವ ವಯಸ್ಸಿನವರಿಗೆ ಸರಿ. ಮಣ್ಣು, ತಾಮ್ರ, ಕಬ್ಬಿಣ ತೆಗೆದು ಕಾರ್ಖಾನೆಗೆ, ಅಲ್ಲಿಂದ ಮಾರುಕಟ್ಟೆಗೆ ಸಾಗಿಸುವ ಕೆಲಸ ಕೆಲವೊಮ್ಮೆ ಬೇಸರ ತರಿಸುತ್ತದೆ. 1998ರಲ್ಲಿ ಸೇರಿಸಿದ ಭಾಗದಲ್ಲಿ ಮೊಘಲರೂ ಇದ್ದಾರೆ. ವಿಜಯನಗರ ಇಲ್ಲ, ಅದು ನಮ್ಮ ಸಣ್ಣ ತಕರಾರು.

ಇಷ್ಟು ಹಳೆಯದು ನಮ್ಮ ಕೈಗೆ ಬಂದದ್ದು ಹೇಗೆ? ಕಳ್ಳ ಸಿ.ಡಿ. ಅಲ್ಲ. 2009ರಲ್ಲಿ ಕಂಪನಿ ಆಟದ ಕೋಡನ್ನು ಜಿಪಿಎಲ್ ಪರವಾನಗಿಯಡಿ ಸಾರ್ವಜನಿಕರಿಗೆ ಬಿಟ್ಟುಕೊಟ್ಟಿತು. ಯಾರು ಬೇಕಾದರೂ ನಕಲು ಮಾಡಬಹುದು, ಹಂಚಬಹುದು, ಒಳಗೆ ಏನಿದೆ ಅಂತ ಬಿಚ್ಚಿ ನೋಡಬಹುದು, ತಿದ್ದಬಹುದು. ಅಂದಿನಿಂದ ಅಭಿಮಾನಿಗಳೇ ಅದನ್ನು ಹೊಸ ಕಂಪ್ಯೂಟರ್‌ಗಳಲ್ಲಿ ಓಡುವಂತೆ ಉಳಿಸಿಕೊಂಡು ಬಂದಿದ್ದಾರೆ. ಮಾರುವುದನ್ನು ನಿಲ್ಲಿಸಿದ ಆಟಗಳಿಗೆ ಬೀಗ ಹಾಕಿ ಕೊಳೆಸುವ ಕಂಪನಿಗಳು ಇದನ್ನೇ ಮಾಡಬೇಕು ಅನ್ನುವುದು ನಮ್ಮ ವಾದ. ತಾವು ಮಾರದಿದ್ದರೆ ಬೇಡ, ಬಿಟ್ಟಾದರೂ ಕೊಡಲಿ.

ನಮ್ಮ ಊರುಗಳಿಗೆ ಇದು ಯಾಕೆ ಮುಖ್ಯ ಅಂದರೆ, ಇಲ್ಲಿ ಈಗ ‘ಗೇಮ್’ ಎಂದ ಕೂಡಲೇ ತಂದೆತಾಯಿಗೆ ನೆನಪಾಗುವುದು ರಮ್ಮಿ ಮತ್ತು ಸಾಲ. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾಯ್ದೆಗೆ 2025ರ ಆಗಸ್ಟ್‌ನಲ್ಲಿ ಸಂಸತ್ತು ಒಪ್ಪಿಗೆ ಕೊಟ್ಟಿತು. ಒಳ್ಳೆಯದೇ. ಆದರೆ ಆಮೇಲೆ ಹುಡುಗರ ಮುಂದೆ ಏನಿಡುತ್ತೀರಿ ಅಂತ ಯಾರೂ ಕೇಳಲಿಲ್ಲ. ಐದು ನಿಮಿಷಕ್ಕೊಂದು ಜಾಹೀರಾತು ತೋರಿಸುವ ಮೊಬೈಲ್ ಆಟವೇ? ‘ಸೆವೆನ್ ಕಿಂಗ್‌ಡಮ್ಸ್’ಗೆ ರೀಚಾರ್ಜ್ ಬೇಡ, ನೆಟ್ ಬೇಡ. ಅದು ಕೇಳುವುದು ತಾಳ್ಮೆ ಮಾತ್ರ. ಹಳೇ ಕಂಪ್ಯೂಟರಿಗೂ ಭಾರವಲ್ಲ.

ಹಳೇ ಕಂಪ್ಯೂಟರ್ ನಮ್ಮಲ್ಲಿ ಇಲ್ಲವೇ? ನಾವು ವರದಿಗೆ ಹೋದ ಒಂದು ಪ್ರೌಢಶಾಲೆಯಲ್ಲಿ ಆರು ಮಷೀನು ಬಟ್ಟೆ ಹೊದ್ದು ಮಲಗಿದ್ದವು. ಶನಿವಾರ ಮಧ್ಯಾಹ್ನ ಎರಡು ತಾಸು ಮಕ್ಕಳಿಗೆ ಇದನ್ನು ಆಡಿಸೋಣ ಸರ್ ಅಂದೆವು. ‘ಶಾಲೆಯಲ್ಲಿ ಗೇಮ್ ಆಡಿಸ್ತೀರೇನ್ರೀ?’ ಅಂತ ಮೇಷ್ಟ್ರು ನಕ್ಕರು. ಬೇಡ ಅನ್ನಲಿಲ್ಲ, ಹೂಂ ಅನ್ನಲೂ ಇಲ್ಲ. ಮುಂದಿನ ಸಲ ಹೋಗುವಾಗ ಪೆನ್‌ಡ್ರೈವ್ ಜೇಬಿನಲ್ಲಿ ಇಟ್ಟುಕೊಂಡೇ ಹೋಗುತ್ತೇವೆ.