ಸರ್ಕಾರಿ ಜಮೀನಿನಲ್ಲಿ ವಿಷ: ಎಚ್ಚರಿಕೆ ಯಾವ ಭಾಷೆಯಲ್ಲಿ?

ನಾಮಫಲಕದ ಕನ್ನಡಕ್ಕಾಗಿ ಬೀದಿಗಿಳಿಯುವ ಗೆಳೆಯರೇ, ವಿಷದ ಡಬ್ಬಿಯ ಮೇಲಿನ ಅಕ್ಷರವನ್ನೂ ಒಮ್ಮೆ ನೋಡಿ!

ದಕ್ಷಿಣ ಕನ್ನಡದ ಕೊಕ್ಕಡ, ಪಟ್ರಮೆ, ನಿಡ್ಲೆ. ಅರಣ್ಯ ಜಮೀನನ್ನು ಗುತ್ತಿಗೆಗೆ ಪಡೆದ ಗೇರು ಅಭಿವೃದ್ಧಿ ನಿಗಮ 2000ದವರೆಗೆ ಅಲ್ಲಿನ ಗೇರು ತೋಪುಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿಸಿತು. ಸುರಿಸಿದ್ದು ಹೊರಗಿನವನಲ್ಲ, ನಮ್ಮದೇ ಸರ್ಕಾರದ ನಿಗಮ! ಆ ಊರುಗಳ ಮಕ್ಕಳನ್ನು ಸಂತ್ರಸ್ತರೆಂದು ಒಪ್ಪಿ ಮಾಸಾಶನ ಕೊಡುತ್ತಿರುವುದೂ ಅದೇ ಸರ್ಕಾರ.

ಕಾನೂನು ಇರಲಿಲ್ಲವೇ? ಇತ್ತು! 1971ರ ಕೀಟನಾಶಕ ನಿಯಮಗಳ ಪ್ರಕಾರ ಆಕಾಶದಿಂದ ಸಿಂಪಡಿಸುವ 24 ಗಂಟೆ ಮೊದಲೇ ಜನರಿಗೆ ತಿಳಿಸಬೇಕು. ಜನ, ದನ ಒಳಬಾರದಂತೆ ತಡೆಯಬೇಕು. ಡಬ್ಬಿಯ ಚೀಟಿಯಲ್ಲಿ ಹಿಂದಿ, ಇಂಗ್ಲಿಷಿನ ಜೊತೆ ಆ ಪ್ರದೇಶದ ಭಾಷೆಯೂ ಇರಬೇಕು. ಇರುತ್ತದೆ, ಭೂತಗನ್ನಡಿ ಹಿಡಿದರೆ ಕಾಣುತ್ತದೆ!

2011ರಲ್ಲಿ ಎಂಡೋಸಲ್ಫಾನ್ ನಿಷೇಧವಾಯಿತು. ವಿಷ ನಿಂತಿತೇ? ಹೆಸರು ಬದಲಾಯಿತು, ಹೆಲಿಕಾಪ್ಟರಿನ ಜಾಗಕ್ಕೆ ಡ್ರೋನ್ ಬಂತು.

ನಮ್ಮ ಹಕ್ಕೊತ್ತಾಯ ಒಂದೇ. ಸರ್ಕಾರಿ ಜಮೀನಿನ ಪ್ರತಿ ಗುತ್ತಿಗೆ ಕರಾರಿನಲ್ಲೂ ಇದು ಷರತ್ತಾಗಲಿ: ಯಾವ ವಿಷ, ಯಾವ ದಿನ, ಎಲ್ಲಿ ಎಂಬುದನ್ನು ಪಂಚಾಯಿತಿ ಬಾಗಿಲಲ್ಲಿ ದಪ್ಪ ಕನ್ನಡ ಅಕ್ಷರದಲ್ಲಿ ಹಚ್ಚಬೇಕು. ಹಚ್ಚದವನ ಗುತ್ತಿಗೆ ರದ್ದು!

ಅಂಗಡಿ ಬೋರ್ಡಿಗೆ ಬೇಕಾದ ಕನ್ನಡ ಜೀವಕ್ಕೆ ಬೇಡವೇ? ಮುಂದಿನ ಧರಣಿಯಲ್ಲಿ ಈ ಕೂಗೂ ಏಳಲಿ!